ಬಸವಕುಮಾರನ ಟ್ರೇನಿಂಗು

"ಇನ್ನ ಒಂದ ರೂಪಾಯಿನೂ ಬಿಚ್ಚೂದಿಲ್ಲ. ಮಗ ಮೀಸಿ ತಿರುವು ಗಂಡಸ ಆಗ್ಯಾನ, ದುಡದ ತಿನ್ನಲಿ."

"ಅವಾ ಇನ್ನೂ ಟ್ರೇನಿಂಗದಾಗ ಅದಾನ್ರಿ. ಪಗಾರ ಇಲ್ಲ. ಹೊಟ್ಟಿ ಮಾತ್ರ ಪರ್ಮನೆಂಟ್ ಐತಿ."

ರಬಕವಿಯ ಆ ಓಣಿಯಲ್ಲಿ ಮಗ್ಗದ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಯಾರಿಗೂ ಏನೂ ಕೇಳಿಸುವುದಿಲ್ಲ. ಆದರೆ ಅವತ್ತು ನಡುವೆ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಚನಮಲ್ಲಪ್ಪ, ಭಾಗವ್ವರ ಜಗಳ ಮದುವೆಯ ಪಂಗ್ತಿಯಲ್ಲಿ ಬಿಚ್ಚಿದ ಧೋತರದಂತೆ ಬಯಲಾಯಿತು. ಓಣಿ ಹೊರಗೆ ಬಂತು.

ಗಂಡ ಹೆಂಡತಿ ಬೇರೆಯಾಗಿ ವರ್ಷಗಳೇ ಆಗಿದ್ದವು. ಮಗ ದುಡಿಯುವ ತನಕ ಭಾಗವ್ವ ಅವನನ್ನು ಸಾಕುವುದು, ಚನಮಲ್ಲಪ್ಪ ತಿಂಗಳಿಗೆ ಮೂರು ಸಾವಿರ ಕೊಡುವುದು ಎಂದು ಜಮಖಂಡಿ ಕೋರ್ಟಿನಲ್ಲಿ ರಾಜಿಯಾಗಿತ್ತು. ಅದನ್ನು ಒಯ್ಯಲು ಆಕೆ ಬನಹಟ್ಟಿಯಿಂದ ಬಂದಿದ್ದಳು.

"ಟ್ರೇನಿಂಗ್ ಎಲ್ಲಿದು, ತಂಗಿ? ಸಕ್ಕರಿ ಫ್ಯಾಕ್ಟರ್‍ಯಾಗ ಕಬ್ಬಿನ ಗಾಡಿ ತೂಗು ಕಾಟಾದಾಗ ಕುಂತಾನ ನಿನ್ನ ಮಗ. ನಾನ ನೋಡೇನಿ," ಎಂದ ಪಕ್ಕದ ಮನೆಯ ಶಿದ್ರಾಮಪ್ಪ. ಅವನು ರಿಟೈರಾದ ಕಂಡಕ್ಟರ್. ಟಿಕೆಟ್ ಹರಿಯುವುದು ನಿಂತ ಮೇಲೆ ನ್ಯಾಯ ಹರಿಯುತ್ತಿದ್ದ.

"ಸುಳ್ಳ," ಎಂದಳು ಭಾಗವ್ವ.

"ಹಂಗಾದ್ರ ಹೋಗಿ ನೋಡೂನು ನಡೀರಿ. ಹೆಂಗೂ ಕರೆಂಟಿಲ್ಲ."

ಟಮಟಮ್ ರಿಕ್ಷಾ ಬಂತು. ಕೆಲಸವಿಲ್ಲದ ನೇಕಾರರೆಲ್ಲ ಸಾಕ್ಷಿಗಳಾಗಿ ಹತ್ತಿದರು. ಬಾಡಿಗೆ ಚನಮಲ್ಲಪ್ಪನದು. ದಾರಿಯಲ್ಲಿ ಸಾಕ್ಷಿಗಳಿಗೆ ಹಸಿವಾಯಿತು. ಭಜಿಯೂ ಚನಮಲ್ಲಪ್ಪನದು. ಮಿರ್ಚಿ ತಣ್ಣಗಾಗಿದೆ ಎಂದು ಅವನನ್ನೇ ಬೈದರು.

ಫ್ಯಾಕ್ಟರಿಯ ಮುಂದೆ ಕಬ್ಬಿನ ಟ್ರಾಕ್ಟರುಗಳ ಸಾಲು. ಟಮಟಮ್‌ನವನು ಸಂದಿಯಲ್ಲಿ ನುಗ್ಗಿಸಿದ, ಗಾಡಿ ಸೀದಾ ಕಾಟಾದ ಮೇಲೆ ಹೋಗಿ ನಿಂತಿತು. ಮೈಕು ಗದರಿತು.

"ಕಾಟಾದ ಮ್ಯಾಲಿನ ಟಮಟಮ್, ಹಿಂದ ತಗೀರಿ. ಕಬ್ಬ ಬಿಟ್ಟ ಮಂದೀನ ನುರಿಸಾಕ ತಂದಿಯೇನಲೇ?"

"ಅವಂದ ದನಿ," ಎಂದಳು ಭಾಗವ್ವ.

ಚನಮಲ್ಲಪ್ಪ ಖುಷಿಗೆ ಎದ್ದು ನಿಂತು ಗಾಡಿಯ ಚಾವಣಿಗೆ ತಲೆ ಬಡಿಸಿಕೊಂಡ. ಗೇಟಿನ ವಾಚಮನ್ ಓಡಿ ಬಂದ. "ಕಾಟಾ ಸಾಹೇಬ್ರ ಜೋಡಿ ಏನ ಕೆಲಸ ನಿಮ್ಮದು?"

"ಸಾಹೇಬ್ರಿಗೆ ಪಗಾರ ಐತೇನು?" ಕೇಳಿದ ಶಿದ್ರಾಮಪ್ಪ.

"ವರ್ಷ ಆತು. ಆ ಬುಲೆಟ್ ಅವ್ರದ ಅಲ್ಲೇನು."

ಬಸವಕುಮಾರ ಕೆಳಗೆ ಬಂದ. ತಾಯಿಯನ್ನು ಕಂಡವನ ಮುಖ ನೆನೆದ ಹಪ್ಪಳದಂತಾಯಿತು. ಭಾಗವ್ವ ಬೈಯಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

"ವರ್ಷಪೂರ್ತಿ ನಿನಗ ಬುತ್ತಿ ಕಟ್ಟಿ, ಅರಬಿ ಒಗದು, ಪಾಪ ಟ್ರೇನಿಂಗದ ಹುಡುಗಂತ ಬಸ್ ಚಾರ್ಜೂ ನಾನ ಕೊಟ್ಟೆ," ಎಂದು ನಕ್ಕಳು. ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಗೆದ್ರಿ. ರೊಕ್ಕ ಇವತ್ತಿಗೆ ಬಂದ್, ಹೌದಲ್ಲ?"

"ಬಂದ್," ಎಂದ ಚನಮಲ್ಲಪ್ಪ. ನೊಗ ಇಳಿಸಿದ ಎತ್ತಿನಷ್ಟು ಹಗುರಾಗಿದ್ದ.

"ಹಂಗಾದ್ರ ಸಾಕೂದೂ ಬಂದ್." ಆಕೆ ಅವನಿಗಿಂತ ದೊಡ್ಡ ಉಸಿರು ಬಿಟ್ಟಳು. "ಮುಧೋಳ ಹಾಸ್ಟೆಲ್ಲಿನವ್ರು ಅಡಗಿ ಕೆಲಸಕ್ಕ ಕರ್‍ಯಾಕತ್ತಾರ. ಇರಾಕ ಖೋಲಿನೂ ಕೊಡ್ತಾರ. ಇವನ್ನ ಬಿಟ್ಟ ಹೆಂಗ ಹೋಗ್ಲೆಂತ ಕುಂತಿದ್ದೆ. ಇವತ್ತಿಗೆ ಬನಹಟ್ಟಿ ಬಾಡಿಗಿ ಮನಿನೂ ಬಿಟ್ಟೆ. ಇವನ್ನ ನೀವು ಕರಕೊಂಡ ಹೋಗ್ರಿ."

"ನಾನ್ಯಾಕ?"

"ಮಗ ಅಪ್ಪನ ಮನ್ಯಾಗ ಇರೂದು ಕಾಯದೇನ ಐತಿ," ಎಂದ ಶಿದ್ರಾಮಪ್ಪ. ಸಾಕ್ಷಿಗಳೆಲ್ಲ ತಲೆಯಾಡಿಸಿದರು.

ಬಸವಕುಮಾರ ತಂದೆಯ ಹತ್ತಿರ ಸರಿದು ನಿಂತ. "ಯಪ್ಪಾ, ನಾಳಿ ನಸುಕಿನ ಪಾಳಿ ಐತಿ. ಹತ್ತ ರೊಟ್ಟಿ ಸಾಕು. ಪಲ್ಯಾ ಬಿಸಿ ಇರಲಿ. ಎರಡ ಬಕೆಟ್ ಅರಬಿನೂ ಅದಾವು."

ಚನಮಲ್ಲಪ್ಪನಿಗೆ ಹಿಟ್ಟು ನಾದಲೂ ಬರುತ್ತಿರಲಿಲ್ಲ. ರಸ್ತೆಯಲ್ಲಿ ಮುಧೋಳದ ಬಸ್ಸು ಬಂದು ನಿಂತಿತ್ತು. ಭಾಗವ್ವ ಸೆರಗು ಬಿಗಿದುಕೊಂಡು ನಡೆಯತೊಡಗಿದ್ದಳು.

"ಏ ಭಾಗವ್ವಾ, ನಿಂದರ. ನಾಲ್ಕ ಸಾವಿರ ಕೊಡ್ತೀನಿ," ಎಂದು ಅವನು ಕೂಗಿದ. ಆಕೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. "ಐದ ತಗೋ, ಮಾರಾಯ್ತಿ."

ಆಕೆ ಕಿಟಕಿಯ ಪಕ್ಕ ಕುಳಿತಳು. ಈ ಕಡೆ ನೋಡಲೂ ಇಲ್ಲ, ಮತ್ತೆ ಮುಧೋಳದಿಂದ ಬರಲೂ ಇಲ್ಲ.