ಎಂಟು ಮಡಿಕೆಯ ಕ್ರಾಂತಿ

ಸಿಂಹ ನೋಡಲೆಂದು ನೈರೋಬಿಗೆ ಬರುವ ನೆಂಟರಿಗೆಲ್ಲ ನಾನು ಹೇಳುವುದಿಷ್ಟೇ: ಸಿಂಹ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ನಮ್ಮ ಸೌತ್ ಬಿ ಬಡಾವಣೆಗೆ ಬಂದು ನಮ್ಮ ಸೋದರಮಾವನನ್ನು ನೋಡಿಕೊಂಡು ಹೋಗಿ! ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲೇ ಇದೆ ಎಂಬಂತೆ ಬದುಕುತ್ತಿರುವ ಮನುಷ್ಯ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಅಮೆರಿಕಕ್ಕೆ ಹೋಗಿದ್ದಾರೆಯೇ ಎಂದಿರಾ? ಅವರಿಗೆ ಮಟಾಟು ವ್ಯಾನು ಹತ್ತಿ ಇದೇ ಊರಿನ ಕಸರಾನಿವರೆಗೆ ಹೋದರೇ ತಲೆ ಸುತ್ತುತ್ತದೆ.

ಮಾವ ಇಲ್ಲಿನ ಔಷಧಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದವರು. ನಿವೃತ್ತರಾದ ಹೊಸದರಲ್ಲಿ, ಪೇಟೆಯ ಫುಟ್‌ಪಾತಿನಲ್ಲಿ ಅವರಿಗೊಂದು ದಪ್ಪ ಇತಿಹಾಸದ ಪುಸ್ತಕ ಸಿಕ್ಕಿತು. ರಟ್ಟಿಲ್ಲ, ಮೊದಲ ಪುಟಗಳಿಲ್ಲ, ಬರೆದವರು ಯಾರೋ ದೇವರೇ ಬಲ್ಲ. ಅದರಲ್ಲಿ ವಸಾಹತು ಕಾಲದ ಅಮೆರಿಕದ ಕರಪತ್ರಗಳ ಬಗ್ಗೆ ಒಂದು ಅಧ್ಯಾಯವಿತ್ತು. ರಾಜನ ಮೇಲೆ ಸಿಟ್ಟು ಬಂದರೆ ಒಂದು ಕರಪತ್ರ, ಪಾದ್ರಿಯ ಮೇಲೆ ಸಿಟ್ಟು ಬಂದರೆ ಇನ್ನೊಂದು. ಹೆಸರು ಹಾಕುವಂತಿಲ್ಲ, 'ಒಬ್ಬ ರೈತ', 'ಒಬ್ಬ ಸಜ್ಜನ' ಎಂದು ಸಹಿ. ಕರಪತ್ರಕ್ಕೆ ಎದುರಾಳಿ ಕರಪತ್ರದಲ್ಲೇ ಉತ್ತರ ಕೊಡಬೇಕು. ಓದು ಬಾರದವರಿಗೆ ಹೆಂಡದಂಗಡಿಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಮಾವ ಆ ಅಧ್ಯಾಯ ಓದಿ ಎದ್ದಾಗ ಬೇರೆಯೇ ಮನುಷ್ಯರಾಗಿದ್ದರು. ಕೊರತೆಯಿದ್ದದ್ದು ಒಬ್ಬ ದಬ್ಬಾಳಿಕೆಯ ರಾಜನದ್ದು ಮಾತ್ರ!

ಆ ಜಾಗವನ್ನು ತುಂಬಿದವರು ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು. ಮಂಗಳೂರು ಕಡೆಯ ಕ್ಯಾಥೊಲಿಕರು, ನಿವೃತ್ತ ಮೇಷ್ಟ್ರು, ಇಪ್ಪತ್ತು ವರ್ಷ ಪ್ರತಿ ಶನಿವಾರ ಮಾವನ ಜೊತೆ ಇಸ್ಪೀಟು ಆಡಿದ ಜೀವದ ಗೆಳೆಯರು. ಬೇರೆ ಯಾರೂ ನಿಲ್ಲಲಿಲ್ಲ ಎಂಬ ಏಕೈಕ ಅರ್ಹತೆಯ ಮೇಲೆ ಅವರು ಅಧ್ಯಕ್ಷರಾದರು. ಆದವರೇ ಇಸ್ಪೀಟು ನಿಲ್ಲಿಸಿದರು. ಗೇಟಿನ ಬಳಿಯ ನೋಟೀಸ್ ಬೋರ್ಡನ್ನೂ ತೆಗೆಸಿ, ಇನ್ನು ಮುಂದೆ ಎಲ್ಲ ಸೂಚನೆಯೂ ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿಯೇ ಬರುತ್ತದೆ ಎಂದು ಸಾರಿದರು. ಹಾಗೆ ಸಾರಿದ್ದೂ ಧ್ವನಿ ಸಂದೇಶದಲ್ಲೇ.

"ಅಕ್ಷರದ್ರೋಹ!" ಎಂದು ಮಾವ ಗುಡುಗಿದರು. "ಕುರ್ಚಿ ಸಿಕ್ಕಿದ ತಕ್ಷಣ ಗೆಳೆಯ ಬೇಡ, ಬರವಣಿಗೆ ಬೇಡ. ರಾಜರೆಲ್ಲ ಶುರುವಾಗೋದೇ ಹೀಗೆ ಕಣೇ!"

ನನ್ನ ಮಗಳು ಫೋನಿನಿಂದ ಕಣ್ಣೆತ್ತದೆ, "ಅಜ್ಜಾ, ಜಸ್ಟ್ ಪುಟ್ ಇಟ್ ಆನ್ ದ ಗ್ರೂಪ್" ಅಂದಳು.

"ಗ್ರೂಪಲ್ಲಿ ಹಾಕಿದ್ರೆ ಅದು ಬರೀ ಕೆಮ್ಮು. ಬಾಗಿಲ ಕೆಳಗೆ ತೂರಿದ್ರೆ ಕ್ರಾಂತಿ!"

ಮುಂದಿನ ಶನಿವಾರ ಬೆಳಿಗ್ಗೆ ಮೊದಲ ಕರಪತ್ರ ಹೊರಬಿತ್ತು. ಕರಡು ತಿದ್ದುವ ಕೆಲಸ ನನ್ನ ತಲೆಗೆ ಬಿತ್ತು. 'ಸರ್ವಾಧಿಕಾರಿಗೆ ಬಹಿರಂಗ ಪತ್ರ' ಎಂಬ ತಲೆಬರಹ, 'ಒಬ್ಬ ಸಜ್ಜನ ನಿವಾಸಿ' ಎಂಬ ಸಹಿ. ಆದರೆ ಮೂವತ್ತು ವರ್ಷದ ಕೈ ಸುಮ್ಮನಿರುತ್ತದೆಯೇ? ಮಾತ್ರೆ ಡಬ್ಬಿಯೊಳಗಿನ ಚೀಟಿಯ ಹಾಗೆ ಎಂಟು ಮಡಿಕೆ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರ! ಕೆಳಗೆ, 'ದಿನಕ್ಕೆರಡು ಬಾರಿ ಊಟದ ನಂತರ ಓದುವುದು. ಅಡ್ಡಪರಿಣಾಮ: ಆತ್ಮಗೌರವ.'

"ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಮಾವ" ಎಂದೆ. "ದೊಡ್ಡಕ್ಷರ ಜಾಹೀರಾತಿಗೆ, ಸಣ್ಣಕ್ಷರ ಸತ್ಯಕ್ಕೆ" ಎಂದರು. ಹತ್ತು ಗಂಟೆಗೆ ನೆಲಮಹಡಿಯ ಅಜ್ಜಿ ಏದುಸಿರು ಬಿಡುತ್ತ ಮೇಲೆ ಬಂದರು. ಅವರು ಆ ಚೀಟಿ ಹಿಡಿದು ಮನೆಯೆಲ್ಲ ಹುಡುಕಿದ್ದರಂತೆ. "ಬರೀ ಕಾಗ್ದ ಬಂದಿದೆ ಕಣಮ್ಮ, ಮಾತ್ರೆ ಎಲ್ಲಿ ಬಿದ್ಹೋಯ್ತೋ!" ಎಂದು ಅವರು ಅಳುಮುಖ ಮಾಡಿದಾಗ, ಮಾವ ಒಳಗೆ ಹೋಗಿ ಒಂದು ಪೆಪ್ಪರ್‌ಮಿಂಟ್ ತಂದುಕೊಟ್ಟರು. ಮೊಣಕಾಲು ನೋವು ಎಷ್ಟೋ ವಾಸಿ ಎಂದು ಸಂಜೆ ಸುದ್ದಿ ಬಂತು.

ಅಧ್ಯಕ್ಷರಿಂದ ಮಾತ್ರ ಉತ್ತರವಿಲ್ಲ. ಉತ್ತರ ಬಾರದ ಕರಪತ್ರ ಸತ್ತ ಕರಪತ್ರವಂತೆ. ಅದಕ್ಕೆ ಮಾವ ರಾಜಕೀಯ ಬಿಟ್ಟು ಧರ್ಮಕ್ಕೆ ಕೈಹಾಕಿದರು. ಕನ್ನಡದವರೆಲ್ಲ ಸೇರಿ ಮಾಡುವ ಗಣೇಶನ ಹಬ್ಬದ ಸಾಂಬಾರಿಗೆ ಈರುಳ್ಳಿ ಸಲ್ಲದು ಎಂದು ಒಂದು ಪತ್ರ. ಅದಕ್ಕೂ ಯಾರೂ ಉಸಿರೆತ್ತದಿದ್ದಾಗ, 'ಈರುಳ್ಳಿಯ ಮಿತ್ರ' ಎಂಬ ಹೆಸರಿನಲ್ಲಿ ತಾವೇ ತಮಗೊಂದು ಖಂಡನೆ ಬರೆದುಕೊಂಡರು! ಗ್ರಹಚಾರ ನೋಡಿ, ಜನಕ್ಕೆ ಆ ಖಂಡನೆಯೇ ಹಿಡಿಸಿಬಿಟ್ಟಿತು. ಹಬ್ಬದ ದಿನ ಸಾಂಬಾರಿನಲ್ಲಿ ಈರುಳ್ಳಿ ತೇಲಾಡುತ್ತಿತ್ತು. ಮಾವ ಎಲೆಯ ಮುಂದೆ ಮುಖ ಊದಿಸಿಕೊಂಡು ಕೂತರು.

"ಆ ಈರುಳ್ಳಿಯ ಮಿತ್ರ ಒಬ್ಬ ಶುದ್ಧ ವಿತಂಡವಾದಿ!"

"ಮಾವ, ಅದು ಬರೆದದ್ದು ನೀವೇ."

"ಅದಕ್ಕೇ ಅಷ್ಟು ಖಚಿತವಾಗಿ ಹೇಳ್ತಿರೋದು!"

ಆಮೇಲೆ ಬಂತು ಸಂಘದ ಸಭೆ. ಮಾವ ಬೇಕೆಂದೇ ಅಧ್ಯಕ್ಷರ ಎದುರಿಗೇ, ನಾಲ್ಕು ಮಾರು ದೂರದಲ್ಲಿ ಎದೆ ಸೆಟೆಸಿ ಕೂತಿದ್ದರು. ಅಧ್ಯಕ್ಷರು ಎಲ್ಲರ ಕಡೆ ಒಮ್ಮೆ ಮುಖ ತಿರುಗಿಸಿ, ಮಾವನ ಕಡೆಗೂ ನೋಡಿ, "ನಮ್ಮ ಇಂಜಿನಿಯರ್ ಸಾಹೇಬ್ರು ಇವತ್ತೂ ಬರ್ಲಿಲ್ವಾ?" ಎಂದರು. ಎಲ್ಲರ ಕಣ್ಣೂ ಮಾವನ ಮೇಲೆ! ಮಾವ ಎದ್ದು, ಕೈಯಲ್ಲಿದ್ದ ಚಹಾವನ್ನು ಹೂಕುಂಡಕ್ಕೆ ಸುರಿದು ಹೊರನಡೆದರು. ಆ ದಿನದಿಂದ, ಅಮೆರಿಕದವರು ಚಹಾವನ್ನು ಸಮುದ್ರಕ್ಕೆ ಎಸೆದ ನೆನಪಿನಲ್ಲಿ, ಚಹಾ ಬಹಿಷ್ಕಾರ. ಚಹಾ ಬೆಳೆದೇ ಬದುಕುವ ಕೀನ್ಯಾದಲ್ಲಿ ಕೂತು ಚಹಾ ಬಹಿಷ್ಕಾರ!

"ಸಮುದ್ರಕ್ಕೇ ಸುರೀಬೇಕಂದ್ರೆ ಮೊಂಬಾಸಾ ರೈಲು ಹತ್ತಿ, ಫ್ಲಾಸ್ಕು ನಾನೇ ತುಂಬಿಸಿಕೊಡ್ತೀನಿ" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, "ಅದರ ಬದಲು ಅವರ ಮನೆಗೆ ಹೋಗಿ ನೇರವಾಗಿ ಕೇಳಬಾರ್ದಾ?" ಎಂದರು.

"ಕರಪತ್ರಕ್ಕೆ ಕರಪತ್ರದಲ್ಲೇ ಉತ್ತರ ಬರ್ಬೇಕು. ಅದು ಪದ್ಧತಿ."

ಹಾಗೆಂದರೂ ಶನಿವಾರ ಮಧ್ಯಾಹ್ನ ಇಸ್ಪೀಟಿನ ಕಟ್ಟನ್ನು ಹೊರತೆಗೆದು, ಕಲೆಸಿ, ಎರಡು ಕೈಗೆ ಹಂಚಿ, ಮತ್ತೆ ಒಳಗಿಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಕ್ರಾಂತಿಯಲ್ಲ, ಆ ಒಬ್ಬ ಗೆಳೆಯನಿಂದ ಒಂದು ಮಾತು. ಅದು ನಮಗೆಲ್ಲ ಗೊತ್ತಿತ್ತು.

ಹನ್ನೊಂದನೇ ಕರಪತ್ರದ ಶನಿವಾರ ಪ್ರತಿಗಳ ಕಟ್ಟು ಹೊತ್ತುಕೊಂಡು ನಾನೂ ಜೊತೆಗಿದ್ದೆ. ಗೇಟಿನ ಕಾವಲುಗಾರ ಎಂದಿನಂತೆ ಸೆಲ್ಯೂಟ್ ಹೊಡೆದು, ತನ್ನ ಪ್ರತಿ ಇಸಿದುಕೊಂಡು, "ಅಸಾಂಟೆ, ಮ್ಜೇ" ಎಂದು ಸ್ವಾಹಿಲಿಯಲ್ಲಿ ಹಿರಿಯರಿಗೆ ಧನ್ಯವಾದ ಹೇಳಿದ. ಅವನಿಗೆ ಕನ್ನಡದ ಒಂದಕ್ಷರ ಬಾರದು, ಆದರೂ ಮಾವನ ಅತ್ಯಂತ ನಿಷ್ಠಾವಂತ ಓದುಗ ಅವನೇ. ನಾಲ್ಕನೇ ಮಹಡಿಯಲ್ಲಿ ಮಾವ ಬಗ್ಗಿ ಅಧ್ಯಕ್ಷರ ಬಾಗಿಲ ಕೆಳಗೆ ಚೀಟಿ ತೂರುತ್ತಿದ್ದಾಗ ಬಾಗಿಲು ತೆರೆದುಕೊಂಡಿತು. ಎದುರಿಗೆ ಅಧ್ಯಕ್ಷರ ಹೆಂಡತಿ. ಬಗ್ಗಿದ ಕ್ರಾಂತಿಕಾರಿಗೆ ಏಳಲೂ ಆಗಲಿಲ್ಲ, ಓಡಲೂ ಆಗಲಿಲ್ಲ.

"ನೀವೇ ಬಂದದ್ದು ಒಳ್ಳೇದಾಯ್ತು ಮಾರಾಯ್ರೆ" ಎಂದರು ಆಕೆ. "ಅವ್ರಿಗೆ ಕಣ್ಣು ಕಾಣುದಿಲ್ಲ. ವರ್ಷ ಆಗ್ತಾ ಬಂತು, ದಿನಾ ಕಮ್ಮಿ ಆಗ್ತಾ ಉಂಟು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದಾರೆ. ನಾನು ಓದಿ ಹೇಳುವಾ ಅಂದ್ರೆ, ಹುಟ್ಟಿದ್ದೇ ಇಲ್ಲಿ ನೈರೋಬಿಯ ಪಂಗಾನಿಯಲ್ಲಿ, ಕನ್ನಡ ಅಕ್ಷರ ಬರುದಿಲ್ಲ."

ಒಳಗೆ ಬಾಲ್ಕನಿಯ ಕುರ್ಚಿಯಲ್ಲಿ ಅಧ್ಯಕ್ಷರು ಕೂತಿದ್ದರು. ಮಡಿಲಲ್ಲಿ ಹತ್ತೂ ಕರಪತ್ರ, ಕೈಯಲ್ಲಿ ಭೂತಗನ್ನಡಿ. ಮಾವನ ಚಪ್ಪಲಿಯ ಸದ್ದಿಗೇ ಅವರು ತಲೆಯೆತ್ತಿದರು.

"ಎಂತದು ಮಾರಾಯ, ಇರುವೆಗೆ ಬರೆದದ್ದಾ ಇದು? ಮೊದಲನೇದ್ರಲ್ಲೇ ಇದ್ದೇನೆ. 'ಸರ್ವಾ' ವರೆಗೆ ಬಂತು. ಮುಂದೆ ಎಂತ?"

ಮಾವನೇ ಪದ ಮುಗಿಸಿಕೊಟ್ಟರು. "...ಧಿಕಾರಿ."

"ಹೌದಾ? ಸರ್ವಾಂಗಸುಂದರ ಇರ್ಬೇಕು ಅಂತ ಖುಷಿಯಲ್ಲಿದ್ದೆ!"

"ಇಸ್ಪೀಟಿಗೆ ಬರ್ಲಿಲ್ಲವಲ್ಲೋ... ನಂಗಾದ್ರೂ ಹೇಳಬಾರ್ದಿತ್ತಾ?"

"ರಾಜ ಯಾರು, ರಾಣಿ ಯಾರು ಅಂತ ತಿಳಿಯುದಿಲ್ಲ. ನಿನ್ನ ಎದುರು ಹೇಗೆ ಒಪ್ಪಿಕೊಳ್ಳುದು?"

ಮಾವ ಕುರ್ಚಿ ಎಳೆದುಕೊಂಡು ಕೂತು, ಹಳೆಯ ಹೆಂಡದಂಗಡಿಗಳಲ್ಲಿ ಓದುತ್ತಿದ್ದರಂತಲ್ಲ, ಹಾಗೆ ಗಟ್ಟಿಯಾಗಿ, ಹನ್ನೊಂದೂ ಕರಪತ್ರ ಓದಿದರು. ಬೈಗುಳ ಬಂದಲ್ಲಿ ಮಾತ್ರ ದನಿ ತಗ್ಗಿಸಿದರು. ಅಧ್ಯಕ್ಷರು ನಕ್ಕು ನಕ್ಕು ಕೆಮ್ಮಿದರು. ನನಗೆ ನಗುವೋ ಅಳುವೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಚಹಾ ಬಂತು. ಮಾವ ಬಹಿಷ್ಕಾರ ಮರೆತು ಕುಡಿದರು.

"ಪೆನ್ನು ಉಂಟಲ್ಲ? ನನ್ನ ಉತ್ತರ ಬರ್ಕೋ" ಎಂದರು ಅಧ್ಯಕ್ಷರು. "ಮೂರನೇ ಮಹಡಿಯ ಮೂರ್ಖನಿಗೆ..."

"ಮೂರ್ಖ ಅಂತಾನೇ ಬರೀಲಾ?"

"ಬರಿ. ದೊಡ್ಡದಾಗಿ."

ಮಾವ ಬರೆದರು. ಆ ಒಂದು ಪದವೇ ಇಡೀ ಹಾಳೆ ತುಂಬುವಷ್ಟು ದೊಡ್ಡದಾಗಿ, ಒಂದೊಂದು ಗೆರೆಯನ್ನೂ ಮೂರು ಸಲ ತೀಡಿ ಬರೆದರು. ಅಭ್ಯಾಸಬಲದಿಂದ ಮಡಿಸಲು ಹೋದ ಕೈಯನ್ನು ತಡೆದು, ಹಾಳೆಯನ್ನು ಬಿಡಿಸಿಯೇ ಗೆಳೆಯನ ಮೂಗಿನ ಹತ್ತಿರ ಹಿಡಿದರು. ಅಧ್ಯಕ್ಷರು ಕಣ್ಣು ಕಿರಿದು ಮಾಡಿ ತುಂಬಾ ಹೊತ್ತು ನೋಡಿದರು.

"ಮೂ... ರ್ಖ" ಎಂದು ಓದಿದರು. "ಕಾಣ್ತದೆ ಮಾರಾಯ. ಸರಿಯಾಗಿ ಕಾಣ್ತದೆ."

ಮಾವ ನನ್ನ ಕಡೆ ತಿರುಗಿದರು. ಕನ್ನಡಕದ ಕೆಳಗೆ ನೀರು ಇಳಿಯುತ್ತಿತ್ತು.

"ನೋಡಿದ್ಯೇನೇ?" ಎಂದರು. "ಉತ್ತರ ಬಂತು."