ಜೋಡಣಿ ಸಂಬಂಧ

ಬೆಳಿಗ್ಗೆ ಬಂದ ಒಂದು ಫೋನಿನಿಂದ ಸಿದ್ದಲಿಂಗನ ಚಹಾ ಬಸಿಯಲ್ಲೇ ಆರಿತು.

“ನಿಪ್ಪಾಣಿಯಿಂದ ಬಾಬಾಸಾಹೇಬ ಮಾತಾಡಾಕತ್ತೀನ್ರಿ. ಜೋಡಣಿ ಸಂಬಂಧ ಇವತ್ತ ನಿಮ್ಮ ಮನೀಗೆ ಬರ್ತೀನಿ.”

ಸಿದ್ದಲಿಂಗ ಏಕಸಂಬಿಯಲ್ಲಿ ವಿದ್ಯುತ್ ಕಂಪನಿಯ ಲೈನ್‌ಮನ್. ನಲವತ್ತರ ಹೊಸ್ತಿಲಲ್ಲಿದ್ದ. ಮಗನ ಹಣೆಗೆ ಬಾಸಿಂಗ ಕಾಣದೆಯೇ ತಾಯಿ ಶಿವನ ಪಾದ ಸೇರಿದ್ದಳು. ಅವನ ಕಿವಿಗೆ ಅದು ಮದುವೆಯ ‘ಸಂಬಂಧ’ವಾಗಿಯೇ ಬಿತ್ತು. ಜೋಡಣಿ ಎಂದರೆ ಜೋಡಿ ಕೂಡಿಸುವುದೇ ತಾನೆ!

ಸುದ್ದಿ ಪಕ್ಕದ ಮನೆಯ ಗಿರಿಜವ್ವನಿಗೆ ಮುಟ್ಟಿತು. ಎಂದ ಮೇಲೆ ಓಣಿಗೆಲ್ಲ ಮುಟ್ಟಿತು. ಆಕೆ ಶಿರಾದ ಬೋಗುಣಿ ಹಿಡಿದೇ ಬಂದಳು.

“ತಮ್ಮಾ, ಕಂಪನಿ ಅಂತ ಬಾಯಿ ಬಿಟ್ಟಿ ಅಂದ್ರ ಕೆಟ್ಟಿ! ಖಾಸಗಿ ಅಂತ ತಿಳೀತಾರ. ಹೆಣ್ಣು ಕೊಡೂ ಮಂದಿಗೆ ಸರಕಾರಿ ನೌಕರಿನ ಬೇಕು.”

“ಹೆಸರಷ್ಟ ಕಂಪನಿ ಬೇ. ಮಾಲಕ ಸರಕಾರನ.”

“ನನಗ್ಯಾಕ ಹೇಳ್ತಿ? ಬೀಗರಿಗೆ ಹೇಳು.”

ಬಾಬಾಸಾಹೇಬರು ಒಳಗೆ ಕಾಲಿಟ್ಟರು. ಅದೇ ಗಳಿಗೆಗೆ ಫ್ಯಾನು ನಿಂತಿತು.

“ಏ ಸಿದ್ದ್ಯಾ, ಲೈಟ್ ಹೋತಲೇ!” ಎಂದು ಓಣಿ ಕೂಗಿತು. ಸಿದ್ದಲಿಂಗನ ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತು.

“ಒಂದ ಮಾತು, ಸಿಟ್ಟಾಗಬ್ಯಾಡ್ರಿ,” ಎಂದರು ಬಾಬಾಸಾಹೇಬರು. “ನಿಮ್ಮ ಕಂಪನಿ ಖಾಸಗಿ ಆಗೇತಿ ಅಂತಾರ. ಖರೇ ಏನ್ರಿ?”

ಸಿದ್ದಲಿಂಗ ತಂತಿಯ ಮೇಲಿನ ತೋಯ್ದ ಕಾಗೆಯಂತೆ ಮುದುಡಿದ.

“ಚಿಂಚಲಿ ಮಾಯಕ್ಕನ ಆಣಿ, ಸರಕಾರದ್ದ ಐತ್ರಿ! ಬೇಕಾದ್ರ ಆಫೀಸಿನವ್ರ ಬಾಯಿಂದನ ಕೇಳ್ರಿ.”

ಅಲ್ಲಿಯೇ ಆಫೀಸಿಗೆ ಫೋನು ಹಚ್ಚಿದ. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಎಲ್ಲ ಮುಗಿಯಿತು ಎಂದು ಸಿದ್ದಲಿಂಗ ಕಣ್ಣು ಮುಚ್ಚಿದ.

ಬಾಬಾಸಾಹೇಬರ ಮುಖ ಅರಳಿತು. “ಸಾಕ ಬಿಡ್ರಿ. ಸರಕಾರದ್ದ ಐತಿ!”

ಗಿರಿಜವ್ವ ಸಿದ್ದಲಿಂಗನ ಬಾಯಿಗೆ ಶಿರಾ ತುರುಕಿದಳು. “ಹಂಗಾರ ಹುಡುಗೀನ ನೋಡಾಕ ಯಾವಾಗ ಬರೂಣ್ರಿ?”

“ಯಾವ ಹುಡುಗಿ? ನಿಮ್ಮೂರ ಹಳ್ಳದ ಆಚೆ ಹೊಲ ತಗೊಂಡೀನ್ರಿ. ಪಂಪಿಗೆ ಕರೆಂಟಿನ ಜೋಡಣಿ ಬೇಕು, ಅದರ ಸಂಬಂಧ ಬಂದೀನಿ. ಖಾಸಗಿಯವ್ರು ನನ್ನೊಬ್ಬನ ಸಂಬಂಧ ಹಳ್ಳ ದಾಟಿ ಕಂಬ ಹುಗೀತಾರೇನು? ಸರಕಾರದ್ದಾದ್ರ ಲುಕ್ಸಾನ ಆದ್ರೂ ಹುಗೀಬೇಕು ನೋಡ್ರಿ.”

ಶಿರಾ ಸಿದ್ದಲಿಂಗನ ಗಂಟಲಲ್ಲೇ ನಿಂತಿತು. ಗಿರಿಜವ್ವ ಮಾತ್ರ ಸೋಲಲಿಲ್ಲ.

“ನಿಮಗ ಹೆಣ್ಣಮಕ್ಕಳಿಲ್ಲೇನ್ರಿ?”

“ಒಬ್ಬಾಕಿ ಅದಾಳ್ರಿ. ಮೊನ್ನೆ ಸೋಲಾರ್ ಕಂಪನಿ ಹುಡುಗಗ ನಿಶ್ಚೆ ಮಾಡಿದ್ವಿ. ಖಾಸಗಿ ಖರೆ, ಆದ್ರ ಒಂದ ರಿಂಗಿಗೆ ಫೋನ್ ಎತ್ತತಾನ.”

“ಸಿದ್ದ್ಯಾ, ಲೈಟ್!” ಎಂದು ಓಣಿ ಮತ್ತೆ ಕೂಗಿತು.

ಸಿದ್ದಲಿಂಗ ತಾಯಿಯ ಫೋಟೋಕ್ಕೆ ಕೈಮುಗಿದು, ಹೊಸ ಅಂಗಿಯಲ್ಲೇ ಕಂಬದ ಕಡೆ ನಡೆದ.