ಭಾವನವರು ಜಪ್ತಿ ಮಾಡಿದ ಕಡ್ಡಿಪೆಟ್ಟಿಗೆಗಳು

ನಮ್ಮ ಭಾವನವರಂಥ ವ್ಯಾಪಾರಿ ಇಡೀ ಬೆಳಗಾವಿಯಲ್ಲಿ ಇನ್ನೊಬ್ಬರಿರಲಿಲ್ಲ. ಉಳಿದವರು ಗಿರಾಕಿಗೆ ಸಾಮಾನು ಕೊಡುತ್ತಿದ್ದರು. ಇವರು ಗಿರಾಕಿಯ ಸಾಮಾನನ್ನೇ ಕಸಿದಿಟ್ಟುಕೊಳ್ಳುತ್ತಿದ್ದರು!

ಇಪ್ಪತ್ತರ ದಶಕದ ಮಾತು. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಹತ್ತಿ ರೈತರಿಗೆ ಹಗ್ಗ, ಗೋಣಿಚೀಲ, ಬೆಲ್ಲ, ಕುಡುಗೋಲು, ಚಿಮಣಿ ಎಣ್ಣೆ ಮಾರುವ ಅಂಗಡಿ ನಮ್ಮ ಮಾವನವರದು. ಗಲ್ಲಾಪೆಟ್ಟಿಗೆಯ ಮುಂದೆ ಅವರ ಹಿರಿಮಗ, ಅಂದರೆ ನಮ್ಮ ಭಾವ. ಬಾಜುವಿನಲ್ಲೇ ಮನೆ. ಅಟ್ಟದ ಕಿಟಕಿಯಿಂದ ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಭಾವನವರಿಗೆ ಬೆಂಕಿಯ ಭಯ. ಅರಳೆ ತುಂಬಿದ ಚಕ್ಕಡಿ ನಿಂತಿತೆಂದರೆ, ಇಳಿದು ಬಂದ ರೈತನ ಜೇಬನ್ನು ಮೊದಲು ಮೂಸುತ್ತಿದ್ದರು. ಕಡ್ಡಿಪೆಟ್ಟಿಗೆ ಸಿಕ್ಕರೆ ಜಪ್ತಿ. ಅರಳೆ ಮಾರಿ ಬರಿ ಚಕ್ಕಡಿಯಲ್ಲಿ ಮರಳುವಾಗ ಕೇಳಿ ಪಡೆಯಬೇಕು. ಬೀಡಿ ಸೇದುವವರಿಗೆ ಈ ಸತ್ಕಾರ ಎಷ್ಟು ಹಿಡಿಸಿತೆಂದರೆ, ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ಹೋದರು. ಆ ಪುಣ್ಯವಂತ ಮೊದಲ ಬೀಡಿಯನ್ನು ತಾನೇ ಹಚ್ಚಿ ಕೊಡುತ್ತಿದ್ದ.

ಹೀಗಾದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಮಾವನವರು ಮಗನನ್ನು ಖಾನಾಪುರದ ನಮ್ಮ ಸಣ್ಣ ಅಂಗಡಿಗೆ ಅಟ್ಟಿದರು. ಅಲ್ಲಿ ಎಲ್ಲರೂ ಭತ್ತ ಬೆಳೆಯುವವರು. ಗಿರಾಕಿಗಳಿಗೇನೂ ಕೊರತೆಯಿಲ್ಲ. ಹದಿನೈದೇ ದಿನಕ್ಕೆ ಭಾವ ರೈಲು ಹತ್ತಿ ವಾಪಸ್!

"ಅಲ್ಲಿ ನನಗ ಕೆಲಸಾನ ಇಲ್ರಿ ಅಪ್ಪಾ. ಒಬ್ಬನ ಹಂತ್ಯಾಕೂ ಅರಳಿ ಇಲ್ಲ."

ಕಡ್ಡಿಪೆಟ್ಟಿಗೆ ವಾಪಸ್ ಕೇಳಲು ಮರೆತವರೇ ಹೆಚ್ಚು. ಎಲ್ಲವನ್ನೂ ಭಾವ ಒಂದು ಮರದ ಸಂದೂಕಿನಲ್ಲಿ ಜೋಡಿಸಿಟ್ಟಿದ್ದರು. ತಿಪ್ಪೆಗೆ ಒಗೆಯಲು ಮಾವ ಹೇಳಿದರೆ, ಅದು ಮಂದಿಯ ಸಾಮಾನು, ಹೇಗೆ ಒಗೆಯುವುದು ಎಂದು ಇವರ ನ್ಯಾಯ.

ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಅಂಗಡಿಯ ಬಾಗಿಲಿಂದ ಹೊಗೆ ಬಂತು. ಮೊದಲು ಸಂದೂಕು, ಆಮೇಲೆ ಗೋಣಿಚೀಲ, ಆಮೇಲೆ ಎಣ್ಣೆ. ಇಲಿ ಕಡಿಯಿತೋ, ಕಡ್ಡಿಗೆ ಕಡ್ಡಿ ಉಜ್ಜಿತೋ, ನಾನು ನೋಡಿಲ್ಲ, ಹೇಳಲಾರೆ. ಬೆಳಗಾವಿಯ ಅತಿ ದೊಡ್ಡ ಕಡ್ಡಿಪೆಟ್ಟಿಗೆ ದಾಸ್ತಾನು ಯಾರದೆಂದು ಮಾತ್ರ ಊರಿಗೆಲ್ಲ ತಿಳಿಯಿತು.

ನಾನು ಮೆಟ್ಟಿಲು ಇಳಿದದ್ದು ನೆನಪಿಲ್ಲ. ಭಾವ ಹೊರಗೆ ಓಡಿ ಬಂದದ್ದು ನೆನಪಿದೆ. ಮುಂದೆ ಅರಳೆ ತುಂಬಿದ ಮೂರು ಚಕ್ಕಡಿ ನಿಂತಿದ್ದವು. ಒಂದೊಂದರ ಎತ್ತಿನ ಮೂಗುದಾಣ ಹಿಡಿದು, ಮೂರನ್ನೂ ಓಣಿಯ ತುದಿಗೆ ಎಳೆದೊಯ್ದರು. ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ಒಂದು ಎಳೆ ಅರಳೆಯೂ ಸುಡಲಿಲ್ಲ. ಅಂಗಡಿ ಪೂರ್ತಿ ಸುಟ್ಟಿತು.

ಮರುದಿನ ಮುಂಜಾನೆ ಭಾವ ಬೂದಿಯ ನಡುವೆ, ಹೊಸ್ತಿಲ ಕಲ್ಲಿನ ಮೇಲೆ ಕುಳಿತಿದ್ದರು. ಎದುರಿನ ಅಂಗಡಿಯಲ್ಲಿ ನಗು ನಡೆದಿತ್ತು. ಇನ್ನು ಯಾವ ಗಿರಾಕಿ ಬರುತ್ತಾನೆ? ಅಷ್ಟರಲ್ಲಿ, ಹಿಂದಿನ ದಿನ ಅರಳೆ ಉಳಿಸಿಕೊಂಡ ಮೂವರಲ್ಲಿ ಒಬ್ಬ ಮುದುಕ ಬರಿ ಚಕ್ಕಡಿ ಹೊಡೆದುಕೊಂಡು ಬಂದ. ಭಾವನವರನ್ನು ಜೇಬು ಮೂಸುವ ಪೊಲೀಸ್ ಫೌಜದಾರನೆಂದು ಅತಿ ಹೆಚ್ಚು ಅಣಕಿಸಿದವನು ಅವನೇ.

"ಸಾವ್ಕಾರ್ರ, ಹಗ್ಗ ಬೇಕಾಗಿತ್ತು."

ಭಾವ ತಲೆ ಎತ್ತಲಿಲ್ಲ. "ಅಂಗಡಿ ಎಲ್ಲೈತ್ರಿ ಕಾಕಾ? ಎದುರಿಗೆ ಹೋಗ್ರಿ. ಅಲ್ಲಿ ಸಿಗತೈತಿ."

ಮುದುಕ ಎದುರಿನ ಅಂಗಡಿಯನ್ನೊಮ್ಮೆ ನೋಡಿದ. ಎತ್ತುಗಳನ್ನು ನೊಗದಿಂದ ಬಿಚ್ಚಿ, ಮೇವು ಹಾಕಿ, ಬೂದಿಯಲ್ಲೇ ಭಾವನ ಪಕ್ಕ ಕುಳಿತ.

"ಇರ್ಲಿ ಬಿಡ್ರಿ. ನೀವು ಹಗ್ಗ ತರಸೂತನಕಾ ಕುಂದರ್ತೀನಿ."